ಕಲಸನ್ನ ಮತ್ತು ಕೆಸುವಿನೆಲೆ: ಮಕ್ಕಳ ಚಿತ್ರಪುಸ್ತಕದಲ್ಲಿ ಅಡುಗೆಮನೆಯ ನುಡಿ

ಹುಟ್ಟಿದ ನೆಲವನ್ನು ಬಿಟ್ಟು ಬೇರೆಡೆ ನೆಲೆಸಿದ ಕುಟುಂಬಗಳಲ್ಲಿ ನುಡಿಯ ಆಯುಷ್ಯವೂ ಅಡುಗೆಯ ಆಯುಷ್ಯವೂ ಒಂದೇ ಆಗಿರುವುದಿಲ್ಲ. ಎರಡನೆಯ ತಲೆಮಾರಿಗೆ ಬರುವಷ್ಟರಲ್ಲಿ ನುಡಿ ಕ್ಷೀಣಿಸಿದರೂ ಅಡುಗೆ ಉಳಿದುಕೊಳ್ಳುತ್ತದೆ. ಮೂರನೆಯ ತಲೆಮಾರಿಗೆ ತಿನಿಸುಗಳ ಹೆಸರಷ್ಟೇ ಮನೆಮಾತಿನ ಶೇಷವಾಗಿ ದಕ್ಕುವುದೂ ಉಂಟು. ಅಡುಗೆಯನ್ನು ಕುರಿತ ಮಕ್ಕಳ ಪುಸ್ತಕವೊಂದು ಈ ಶೇಷವನ್ನು ಹೆಸರುಗಳ ಮಟ್ಟದಿಂದ ಮೇಲೆತ್ತಿ ಮತ್ತೆ ನುಡಿಯನ್ನಾಗಿಸಬಲ್ಲುದೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಇದಕ್ಕಾಗಿ ಕೊರಿಯನ್ ಮನೆಯೂಟವನ್ನು ಕುರಿತ ಒಂದು ಚಿತ್ರಪುಸ್ತಕವನ್ನು ಮೊದಲು ಪರಿಶೀಲಿಸಿ, ಅನಂತರ ಕೇರಳದಲ್ಲಿರುವ ಕನ್ನಡ ಮಕ್ಕಳ ಸ್ಥಿತಿಯನ್ನು ಗಮನಿಸಿ, ಅಂತಹ ಪುಸ್ತಕ ಕನ್ನಡದಲ್ಲಿ ಹೇಗಿರಬಹುದೆಂಬುದನ್ನು ವಿವೇಚಿಸಲಾಗಿದೆ.

1. ಒಂದು ಊಟ, ಒಂದು ಪುಸ್ತಕ

‘ಬೀ-ಬಿಮ್ ಬಾಪ್!’ ಎಂಬ ಚಿತ್ರಪುಸ್ತಕ 2005ರಲ್ಲಿ ಅಮೆರಿಕದ ಕ್ಲೇರಿಯನ್ ಬುಕ್ಸ್ ಪ್ರಕಾಶನದಿಂದ ಹೊರಬಂದಿತು. ಇದನ್ನು ಬರೆದವರು ಲಿಂಡಾ ಸೂ ಪಾರ್ಕ್. ಚಿತ್ರಗಳನ್ನು ರಚಿಸಿದವರು ಕೊರಿಯದ ಹೋ ಬೇಕ್ ಲೀ. ಪಾರ್ಕ್ ಅವರು ಕೊರಿಯದಿಂದ ವಲಸೆ ಬಂದ ದಂಪತಿಗಳ ಮಗಳಾಗಿ 1960ರಲ್ಲಿ ಇಲಿನಾಯ್ ಸಂಸ್ಥಾನದ ಅರ್ಬಾನಾ ನಗರದಲ್ಲಿ ಜನಿಸಿದರು. ‘ಎ ಸಿಂಗಲ್ ಶಾರ್ಡ್’ ಎಂಬ ಕಾದಂಬರಿಗೆ 2002ರಲ್ಲಿ ನ್ಯೂಬರಿ ಪದಕವನ್ನು ಪಡೆದರು. ಅವರ ಬಾಲ್ಯದ ಮನೆಯಲ್ಲಿ ಕೊರಿಯನ್ ಊಟವೂ ಹಬ್ಬಗಳೂ ಉಳಿದಿದ್ದವು. ಮಾತು ಮಾತ್ರ ಇಂಗ್ಲಿಷಾಗಿತ್ತು. ಮೇಲೆ ಹೇಳಿದ ಸಾಮಾನ್ಯ ಸ್ಥಿತಿಗೆ ಇದು ಸ್ಪಷ್ಟವಾದ ನಿದರ್ಶನ.

ಬಿಬಿಂಬಾಪ್ ಎಂಬುದು ಸಮಾಸಪದ. ‘ಬಿಬಿಮ್’ ಎಂದರೆ ಕಲಸುವಿಕೆ, ‘ಬಾಪ್’ ಎಂದರೆ ಅನ್ನ. ಆದುದರಿಂದ ಕನ್ನಡದ ‘ಕಲಸನ್ನ’ವೇ ಅದಕ್ಕೆ ಅತ್ಯಂತ ಸಮೀಪದ ಮಾತು. ಬಟ್ಟಲಿನಲ್ಲಿ ಬಿಸಿ ಅನ್ನವನ್ನು ಹಾಕಿ, ಅದರ ಮೇಲೆ ಬೇರೆ ಬೇರೆಯಾಗಿ ಬೇಯಿಸಿದ ಸೊಪ್ಪು, ಮೊಳಕೆಕಾಳು, ಗಜ್ಜರಿ, ಮಾಂಸ ಮತ್ತು ಮೊಟ್ಟೆಗಳನ್ನು ಬಣ್ಣಬಣ್ಣವಾಗಿ ಜೋಡಿಸಿ, ಮೆಣಸಿನ ಹುದುಗು ಚಟ್ನಿಯೊಡನೆ ಬಡಿಸುತ್ತಾರೆ. ಉಣ್ಣುವವರು ತಮ್ಮ ಪಾಲನ್ನು ತಾವೇ ಕಲಸಿಕೊಳ್ಳುತ್ತಾರೆ. ಇದಕ್ಕೆ ಹೆಸರಾದ ನಗರ ದಕ್ಷಿಣ ಕೊರಿಯದ ಜಿಯೊಂಜು. ನಮ್ಮ ಚಿತ್ರಾನ್ನಕ್ಕೂ ಇದಕ್ಕೂ ಇರುವ ಭೇದ ಇಲ್ಲಿಯೇ ಇದೆ. ಚಿತ್ರಾನ್ನವನ್ನು ಅಡುಗೆ ಮಾಡುವವರು ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸುತ್ತಾರೆ. ಬಿಬಿಂಬಾಪಿನಲ್ಲಿ ಕೊನೆಯ ಕ್ರಿಯೆ ಉಣ್ಣುವವರದು.

ಪುಸ್ತಕದ ಕಥೆ ಸರಳವಾದುದು. ಮಗುವೊಂದು ತಾಯಿಯೊಡನೆ ಅಂಗಡಿಗೆ ಹೋಗಿ ಬರುತ್ತದೆ. ಅಕ್ಕಿ ಬೇಯುತ್ತದೆ, ಮೊಟ್ಟೆ ಕಾವಲಿಯ ಮೇಲೆ ಮಗುಚಿಕೊಳ್ಳುತ್ತದೆ, ತರಕಾರಿ ಹೆಚ್ಚಲಾಗುತ್ತದೆ. ಮಗು ಬಟ್ಟಲುಗಳನ್ನು ಇಟ್ಟು ಮನೆಮಂದಿಯನ್ನು ಕರೆಯುತ್ತದೆ. ಎಲ್ಲರೂ ಕುಳಿತು ಕಲಸಿ ಉಣ್ಣುತ್ತಾರೆ. ಇಷ್ಟನ್ನೂ ಪ್ರಾಸಬದ್ಧ ಸಾಲುಗಳಲ್ಲಿ, ಹಸಿವನ್ನು ಸಾರುವ ಪಲ್ಲವಿಯೊಂದನ್ನು ಮರುಕೊಳಿಸುತ್ತ ಹೇಳಲಾಗಿದೆ. ಕೊನೆಯಲ್ಲಿ ಅಡುಗೆಯ ವಿಧಾನವನ್ನು ಕೊಟ್ಟು, ಯಾವ ಕೆಲಸ ಮಗುವಿನದು, ಯಾವುದು ದೊಡ್ಡವರದು ಎಂಬುದನ್ನು ಬೇರ್ಪಡಿಸಿ ತೋರಿಸಲಾಗಿದೆ. ಈ ವಿಭಜನೆ ಗಮನಾರ್ಹ. ಬೆಂಕಿ, ಕತ್ತಿಗಳ ಕೆಲಸ ದೊಡ್ಡವರದಾದರೂ ಮಗು ನೋಡುತ್ತ ನಿಲ್ಲುವುದಿಲ್ಲ. ಅದಕ್ಕೂ ಊಟದಲ್ಲಿ ಒಂದು ಕರ್ತೃತ್ವವಿದೆ.

ಅಡುಗೆಯನ್ನು ಪದ್ಯದಲ್ಲಿ ಹೇಳುವುದು ಕನ್ನಡಕ್ಕೆ ಹೊಸತಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕವಿಷಯಕ್ಕೆ ಸ್ಥಾನವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ಆದರೆ ಇವು ಅಡುಗೆ ಬಲ್ಲ ಪ್ರೌಢರಿಗಾಗಿ ಬರೆದ ಕೃತಿಗಳು. ಮಕ್ಕಳಿಗಾಗಿ ಪದ್ಯ ಬರೆಯುವ ದಾರಿಯನ್ನು ಪಂಜೆ ಮಂಗೇಶರಾಯರು (1874-1937) ಕರಾವಳಿಯಲ್ಲಿ ನಿಂತು ತೆರೆದು ತೋರಿದರು. ಈ ಎರಡು ಪರಂಪರೆಗಳೂ ನಮ್ಮಲ್ಲಿವೆ; ಅವನ್ನು ಕೂಡಿಸುವ ಕೆಲಸ ಉಳಿದಿದೆ.

2. ಕಾಕ್ಕನಾಡಿನಲ್ಲಿ ಅಚ್ಚಾಗುವ ಕನ್ನಡ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಲ್ಲಿಯ ಕನ್ನಡ ಮಾಧ್ಯಮದ ಶಾಲೆಗಳ ಪುಸ್ತಕಗಳ ಹೊಣೆ ಕೇರಳದ್ದಾಯಿತು. ಇಂದು ಆ ಪಠ್ಯಪುಸ್ತಕಗಳನ್ನು ತಿರುವನಂತಪುರದ ಪೂಜಪ್ಪುರದಲ್ಲಿರುವ ರಾಜ್ಯ ಶೈಕ್ಷಣಿಕ ಸಂಶೋಧನ ಮತ್ತು ತರಬೇತಿ ಸಂಸ್ಥೆ ಸಿದ್ಧಪಡಿಸುತ್ತದೆ; ಕೊಚ್ಚಿಯ ಕಾಕ್ಕನಾಡಿನಲ್ಲಿರುವ ಕೇರಳ ಬುಕ್ಸ್ ಆಂಡ್ ಪಬ್ಲಿಕೇಷನ್ಸ್ ಸೊಸೈಟಿಯ ಮುದ್ರಣಾಲಯದಲ್ಲಿ ಅವು ಅಚ್ಚಾಗುತ್ತವೆ. ಹೀಗೆ ಕನ್ನಡ ಅಕ್ಷರಗಳು ಮಲಯಾಳದ ನಡುನಾಡಿನಲ್ಲಿ ಮುದ್ರಿತವಾಗಿ ಉತ್ತರದ ಮಂಜೇಶ್ವರ, ಕುಂಬಳೆಗಳ ಮಕ್ಕಳ ಕೈಸೇರುತ್ತವೆ.

ಅಚ್ಚಿನ ಮನೆಯ ಸಮೀಪದಲ್ಲಿಯೇ ವಾಸಿಸುವ ಕನ್ನಡದ ಮಗುವಿಗೆ ಮಾತ್ರ ಆ ಪುಸ್ತಕ ಸಾಮಾನ್ಯವಾಗಿ ದೊರೆಯುವುದಿಲ್ಲ. ಪೆರಿಯಾರ್ ದಂಡೆಯ ಏಲೂರನ್ನು ಉದಾಹರಣೆಯಾಗಿ ಗ್ರಹಿಸಬಹುದು. 1943ರಲ್ಲಿ ಸ್ಥಾಪಿತವಾದ ಫ್ಯಾಕ್ಟ್ ರಸಗೊಬ್ಬರ ಸಂಸ್ಥೆಯ ಸುತ್ತ ಬೆಳೆದ ಈ ಕೈಗಾರಿಕಾ ಪಟ್ಟಣದಲ್ಲಿ ಉದ್ಯೋಗನಿಮಿತ್ತ ನೆಲೆಸಿದ ಒಂದು ಕನ್ನಡ ಮನೆಯನ್ನು ಊಹಿಸಿಕೊಳ್ಳೋಣ. ಮಗುವಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮಲಯಾಳ. ಕನ್ನಡಕ್ಕೆ ಉಳಿಯುವ ಸ್ಥಳ ಮನೆ. ಮನೆಯಲ್ಲಿಯೂ ಬಹುಮಟ್ಟಿಗೆ ಅಡುಗೆಮನೆ.

ಕಾಸರಗೋಡಿನ ಮಗುವಿಗೂ ಬೇರೊಂದು ಅಂತರವಿದೆ. ಪಠ್ಯಪುಸ್ತಕದ ಭಾಷೆ ಶಿಷ್ಟ ಬರಹಗನ್ನಡ. ಅದು ಅನಿವಾರ್ಯವೂ ಹೌದು. ಆದರೆ ಅಲ್ಲಿಯ ಹವ್ಯಕರ ಮನೆಯಲ್ಲಿ ಅನ್ನ ‘ಅಶನ’ವಾಗಿದೆ, ಗಂಜಿ ‘ಹೆಜ್ಜೆ’ಯಾಗಿದೆ, ಮಜ್ಜಿಗೆಹುಳಿ ‘ಮೇಲಾರ’ವಾಗಿದೆ. ಹೆಜ್ಜೆಯನ್ನು ಉಣ್ಣುವ ಮಗು ಪುಸ್ತಕದಲ್ಲಿ ಹೆಜ್ಜೆಯೆಂದರೆ ನಡೆಯುವಾಗ ಇಡುವ ಪಾದವೆಂದು ಕಲಿಯುತ್ತದೆ. ಎರಡೂ ಕನ್ನಡವೇ. ಒಂದಕ್ಕೆ ಅಚ್ಚಿನ ಮಾನ್ಯತೆಯಿದೆ, ಇನ್ನೊಂದಕ್ಕಿಲ್ಲ.

3. ಧಾತುಗಳ ಅಳಿವು

ಅಡುಗೆಯ ನುಡಿ ನಶಿಸುವ ಕ್ರಮವನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ನಾಮಪದಗಳು ಬದಲಾಗುವುದು ಎದ್ದು ಕಾಣುತ್ತದೆ. ಒರಳು, ಕಡೆಯುವ ಕಲ್ಲುಗಳ ಸ್ಥಾನದಲ್ಲಿ ಮಿಕ್ಸಿ ಬಂದಿದೆ. ಇದರಿಂದ ಹೆಚ್ಚಿನ ಹಾನಿಯಿಲ್ಲ. ಮಿಕ್ಸಿಯಲ್ಲಿ ಹಾಕಿದರೂ ಕರಾವಳಿಯವರು ‘ಕಡೆ’ಯುತ್ತಾರೆ, ಮೈಸೂರಿನವರು ‘ರುಬ್ಬು’ತ್ತಾರೆ. ಸಾಧನ ಹೋದರೂ ಕ್ರಿಯೆ ಉಳಿದಿರುತ್ತದೆ. ನಿಜವಾದ ನಷ್ಟ ಸಂಭವಿಸುವುದು ಕ್ರಿಯಾಪದದಲ್ಲಿ. ಕೊಯ್ಯುವುದು, ಹೆಚ್ಚುವುದು, ಸೀಳುವುದು, ಕತ್ತರಿಸುವುದು ಎಂಬ ನಾಲ್ಕು ಬೇರೆ ಬೇರೆ ಕೈಕೆಲಸಗಳು ‘ಕಟ್ ಮಾಡು’ ಎಂಬ ಒಂದರಲ್ಲಿ ಅಡಗಿಹೋಗುತ್ತವೆ. ಕಲಸು, ಕದಡು, ಕಲಕು, ಬೆರೆಸು ಎಂಬುವೆಲ್ಲ ‘ಮಿಕ್ಸ್ ಮಾಡು’ ಎಂದಾಗುತ್ತವೆ. ‘ಮಾಡು’ ಎಂಬ ಕನ್ನಡ ಧಾತುವೇ ಇತರ ಧಾತುಗಳನ್ನು ನುಂಗುವ ಈ ಸ್ಥಿತಿ ಕೊಚ್ಚಿಯಲ್ಲಷ್ಟೇ ಅಲ್ಲ, ಬೆಂಗಳೂರಿನಲ್ಲಿಯೂ ಕಂಡುಬರುತ್ತದೆ.

ಇಲ್ಲಿ ಕನ್ನಡದ ರಚನೆಯೇ ಒಂದು ಅನುಕೂಲವನ್ನು ಒದಗಿಸುತ್ತದೆ. ಕನ್ನಡದಲ್ಲಿ ಮಧ್ಯಮಪುರುಷ ಏಕವಚನದ ವಿಧಿರೂಪ ಬಹುಮಟ್ಟಿಗೆ ಧಾತುವೇ ಆಗಿರುತ್ತದೆ: ತೊಳೆ, ಒರೆಸು, ಅರೆ, ಹಚ್ಚು, ಸುತ್ತು. ದೊಡ್ಡವರಿಗಾಗಿ ಬರೆದ ಅಡುಗೆ ಪುಸ್ತಕ ‘ತೊಳೆದುಕೊಳ್ಳಬೇಕು’, ‘ಹಾಕಿರಿ’ ಎನ್ನುತ್ತದೆ. ಅಜ್ಜಿ ಮೊಮ್ಮಗುವಿಗೆ ಹೇಳುವಾಗ ಪ್ರತ್ಯಯಗಳೆಲ್ಲ ಉದುರಿ ಶುದ್ಧ ಧಾತು ಉಳಿಯುತ್ತದೆ. ಅಂದರೆ ಅಡುಗೆಮನೆಯಲ್ಲಿ ಮಗುವಿಗೆ ಕೊಡುವ ಆಜ್ಞೆ ಭಾಷೆಯ ಬೇರನ್ನೇ ಕೊಡುವ ಸಂದರ್ಭ. ಮಾಡಿದ ಕೆಲಸವನ್ನು ಮಗು ಹೇಳುವಾಗ ‘ತೊಳೆದು, ಒರೆಸಿ, ಹಚ್ಚಿ, ಸುತ್ತಿ’ ಎಂದು ಭೂತನ್ಯೂನಗಳ ಸರಣಿ ಬರುತ್ತದೆ. ಕೆಲಸದ ಕ್ರಮವೇ ವಾಕ್ಯದ ಕ್ರಮವಾಗುತ್ತದೆ. ವ್ಯಾಕರಣವನ್ನು ಇಷ್ಟು ಸಹಜವಾಗಿ ಕಲಿಸುವ ಬೇರೆ ಪಾಠ ವಿರಳ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಅಂತ್ಯಪ್ರಾಸವೂ ತಾನಾಗಿ ಒದಗುತ್ತದೆ.

4. ಪತ್ರೊಡೆಯ ನಿದರ್ಶನ

ಇಂತಹ ಪುಸ್ತಕಕ್ಕೆ ಯಾವ ಅಡುಗೆ ತಕ್ಕುದು? ಅದರಲ್ಲಿ ಹಲವು ಕೈಗಳಿಗೆ ಕೆಲಸವಿರಬೇಕು. ಬೆಂಕಿಯಿಂದ ದೂರವಿದ್ದು ಮಗು ಮಾಡಬಹುದಾದ ಹಂತಗಳಿರಬೇಕು. ಕಾಯುವ ಹೊತ್ತು ಇರಬೇಕು, ಏಕೆಂದರೆ ಪಲ್ಲವಿ ಹುಟ್ಟುವುದು ಕಾಯುವಿಕೆಯಲ್ಲಿ. ಕಾಸರಗೋಡು ಹಾಗೂ ದಕ್ಷಿಣ ಕನ್ನಡಗಳ ಪತ್ರೊಡೆಯಲ್ಲಿ ಈ ಮೂರು ಲಕ್ಷಣಗಳೂ ಇವೆ.

ಮಳೆಗಾಲದ ಆಟಿ ತಿಂಗಳಲ್ಲಿ ಕೆಸುವಿನೆಲೆಯನ್ನು ತಂದು ತೊಳೆದು ಒರೆಸುತ್ತಾರೆ. ನೆನೆಹಾಕಿದ ಅಕ್ಕಿಯನ್ನು ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಹುಣಸೆಹಣ್ಣು, ಬೆಲ್ಲ, ಉಪ್ಪುಗಳೊಡನೆ ಗಟ್ಟಿಯಾಗಿ ಅರೆಯುತ್ತಾರೆ. ಎಲೆಯ ಬೆನ್ನಿಗೆ ಹಿಟ್ಟನ್ನು ಹಚ್ಚಿ, ಎಲೆಯ ಮೇಲೆ ಎಲೆಯಿಟ್ಟು, ಮಡಚಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುತ್ತಾರೆ. ಕೆಸುವಿನಲ್ಲಿರುವ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಗಂಟಲನ್ನು ತುರಿಸುತ್ತವೆ. ಹುಳಿ ಸೇರಿಸುವುದೂ ಚೆನ್ನಾಗಿ ಬೇಯಿಸುವುದೂ ಅದಕ್ಕೆ ಮನೆಯವರು ಕಂಡುಕೊಂಡ ಪರಿಹಾರ. ಎಲೆಯನ್ನು ಒರೆಸುವುದು, ಹಿಟ್ಟನ್ನು ಹಚ್ಚುವುದು, ಸುರುಳಿಯನ್ನು ಎಣಿಸುವುದು ಮಗುವಿನ ಪಾಲು. ಕತ್ತಿ ಮತ್ತು ಹಬೆ ದೊಡ್ಡವರ ಪಾಲು. ಹಬೆಯಾಡುವ ಪಾತ್ರೆಯ ಮುಂದೆ ಕಾಯುವುದು ಎಲ್ಲರ ಪಾಲು.

ಈ ಎಲೆಯ ಹೆಸರಿನಲ್ಲಿಯೇ ಎರಡು ಭಾಷೆಗಳ ಬಾಂಧವ್ಯವಿದೆ. ಕನ್ನಡದ ‘ಕೆಸು’ವಿಗೆ ಮಲಯಾಳದಲ್ಲಿ ‘ಚೇಂಬ್’ ಎನ್ನುತ್ತಾರೆ, ಇವು ಜ್ಞಾತಿಪದಗಳು. ಕನ್ನಡದ ಕಿವಿ ಮಲಯಾಳದಲ್ಲಿ ಚೆವಿಯಾದಂತೆ, ಪೂರ್ವಸ್ವರದ ಮುಂದಣ ಮೂಲ ಕಕಾರವನ್ನು ಕನ್ನಡ ಉಳಿಸಿಕೊಂಡಿದೆ, ಮಲಯಾಳ ಚಕಾರವಾಗಿಸಿದೆ. ಪಕಾರದ ವಿಷಯದಲ್ಲಿ ಇದಕ್ಕೆ ವಿರುದ್ಧವಾಗಿದೆ: ಮಲಯಾಳದ ಪುಳಿ, ಪಾಲ್‌ಗಳಲ್ಲಿ ಹಳೆಯ ಪಕಾರವಿದೆ, ಕನ್ನಡದ ಹುಳಿ, ಹಾಲುಗಳಲ್ಲಿ ಅದು ಹಕಾರವಾಗಿದೆ. ಹಳಗನ್ನಡದವರು ‘ಪುಳಿ’, ‘ಪಾಲ್’ ಎಂದೇ ಹೇಳುತ್ತಿದ್ದರು. ಏಲೂರಿನ ಮಗು ಅಂಗಡಿಯಲ್ಲಿ ಪುಳಿ ಕೇಳಿ ತಂದು ಮನೆಯಲ್ಲಿ ಹುಳಿ ಎನ್ನುವಾಗ ಕನ್ನಡ ಧ್ವನಿಚರಿತ್ರೆಯ ಒಂದು ಘಟ್ಟವನ್ನು ಅರಿಯದೆಯೇ ದಾಟುತ್ತಿರುತ್ತದೆ. ಕನ್ನಡನಾಡಿನ ಆಟಿಯೇ ಕೇರಳದ ಕರ್ಕಾಟಕ ಮಾಸ. ಅಲ್ಲಿಯೂ ಆ ತಿಂಗಳು ಹತ್ತು ಬಗೆಯ ಸೊಪ್ಪುಗಳನ್ನು ಉಣ್ಣುವ ‘ಪತ್ತಿಲ’ದ ರೂಢಿಯಿದೆ. ಆದುದರಿಂದ ನೆರೆಮನೆಯ ಮಲಯಾಳಿ ಮಗುವಿಗೂ ಈ ಪುಸ್ತಕ ಅಪರಿಚಿತವೆನಿಸದು.

5. ಬಣ್ಣದ ಅಚ್ಚು ಮತ್ತು ಕಪ್ಪು ಅಚ್ಚು

ಇಂತಹ ಪುಸ್ತಕಗಳು ಕಡಿಮೆಯಿರುವುದಕ್ಕೆ ಆರ್ಥಿಕ ಕಾರಣವೂ ಉಂಟು. ಬಣ್ಣದ ಚಿತ್ರಪುಸ್ತಕಕ್ಕೆ ನಾಲ್ಕು ಬಣ್ಣಗಳ ಪ್ರತ್ಯೇಕ ಫಲಕಗಳು ಬೇಕು. ಪ್ರತಿಗಳು ಕಡಿಮೆಯಾದಷ್ಟೂ ಒಂದೊಂದರ ವೆಚ್ಚ ಏರುತ್ತದೆ. ಇದಕ್ಕೆ ಪ್ರಕಾಶಕರು ಕಂಡುಕೊಂಡ ಉಪಾಯ ಬಹುಭಾಷಾ ಮುದ್ರಣ. ಚಿತ್ರದ ಬಣ್ಣದ ಫಲಕಗಳನ್ನು ಎಲ್ಲ ಭಾಷೆಗಳಿಗೂ ಒಂದೇ ಆಗಿ ಇರಿಸಿ, ಅಕ್ಷರಗಳಿರುವ ಕಪ್ಪು ಫಲಕವನ್ನು ಮಾತ್ರ ಬದಲಿಸುತ್ತಾರೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ ಹಲವು ಭಾರತೀಯ ಭಾಷೆಗಳಲ್ಲಿ ಬಂದಿದೆ. ಚೆನ್ನೈಯ ತೂಲಿಕಾ ಪ್ರಕಾಶನ ಕನ್ನಡ, ಮಲಯಾಳಗಳೂ ಸೇರಿ ಒಂಬತ್ತು ಭಾಷೆಗಳಲ್ಲಿ ಚಿತ್ರಪುಸ್ತಕಗಳನ್ನು ತಂದಿದೆ. ಇದರಿಂದ ಪುಸ್ತಕ ಅಗ್ಗವಾಗುತ್ತದೆ.

ಆದರೆ ಎಲ್ಲ ಭಾಷೆಗಳಿಗೂ ಹೊಂದಬೇಕಾದ ಚಿತ್ರ ಯಾವ ಮನೆಯದೂ ಆಗದಿರುವ ಅಪಾಯವಿದೆ. ಕರಾವಳಿಯ ಹೆರೆಮಣೆ ಮಲಯಾಳದಲ್ಲಿ ‘ಚಿರವ’. ಎರಡಕ್ಕೂ ಒಂದೇ ಚಿತ್ರ ಸಲ್ಲುತ್ತದೆ. ಅದನ್ನು ದೂರದ ಊರುಗಳಿಗೂ ಹೊಂದಿಸಲು ಹೊರಟರೆ ಹೆರೆಮಣೆಯೇ ಚಿತ್ರದಿಂದ ಹೊರಗುಳಿಯುತ್ತದೆ. ಆದಕಾರಣ ಬಹುಭಾಷಾ ಮುದ್ರಣವನ್ನು ನೆರೆಯ ಅಡುಗೆಮನೆಗಳ ಮಟ್ಟಕ್ಕೆ, ಅಂದರೆ ಕನ್ನಡ, ತುಳು, ಮಲಯಾಳಗಳಿಗೆ ಸೀಮಿತಗೊಳಿಸುವುದು ಒಳಿತು. ಚಿತ್ರ ಒಂದೇ, ಕನ್ನಡದಲ್ಲಿ ಕೆಸು, ತುಳುವಿನಲ್ಲಿ ತೇವು, ಮಲಯಾಳದಲ್ಲಿ ಚೇಂಬ್.

6. ಉಪಸಂಹಾರ

‘ಬೀ-ಬಿಮ್ ಬಾಪ್!’ ಪುಸ್ತಕದ ಮಾತೆಲ್ಲ ಇಂಗ್ಲಿಷು. ಕೊರಿಯನ್ ನುಡಿಯಿಂದ ಅದರಲ್ಲಿ ಮುಖ್ಯವಾಗಿ ಉಳಿದಿರುವುದು ಊಟದ ಹೆಸರು. ಭಾಷೆ ಹೋದ ಮೇಲೆ ಬರೆದ ಪ್ರೀತಿಯ ಪುಸ್ತಕ ಅದು. ಕೇರಳದ ಕನ್ನಡ ಮನೆಗಳು ಇನ್ನೂ ಆ ಸ್ಥಿತಿಯನ್ನು ಮುಟ್ಟಿಲ್ಲ. ಅಲ್ಲಿಯ ಅಜ್ಜಿಯರು ‘ಅರೆ’, ‘ಹಚ್ಚು’, ‘ಸುತ್ತು’ ಎನ್ನುತ್ತಿರುವಾಗಲೇ ಆ ಧಾತುಗಳನ್ನು ಕೇಳಿ ಬರೆದುಕೊಂಡು, ಚಿತ್ರದೊಡನೆ ಅಚ್ಚುಹಾಕುವ ಅವಕಾಶ ನಮಗಿದೆ. ಅದಕ್ಕೆ ಬೇಕಾದುದು 32 ಪುಟ, ಅಂದರೆ ಎರಡು ಫಾರಂ ಕಾಗದ. ಪಠ್ಯಪುಸ್ತಕಗಳು ಕಾಕ್ಕನಾಡಿನಲ್ಲಿ ಅಚ್ಚಾಗಿ ಉತ್ತರಕ್ಕೆ ಹೋಗುವಂತೆ, ಕಾಸರಗೋಡಿನ ಅಡುಗೆಮನೆಯ ಮಾತು ಪುಸ್ತಕವಾಗಿ ದಕ್ಷಿಣದ ಏಲೂರಿಗೂ ತಿರುವನಂತಪುರಕ್ಕೂ ಬರುವಂತಾದರೆ, ಅಲ್ಲಿಯ ಮಗುವಿಗೆ ಕನ್ನಡವು ತಿನಿಸಿನ ಹೆಸರಾಗಿ ಮಾತ್ರವಲ್ಲದೆ ಕೈಯ ಕೆಲಸವಾಗಿಯೂ ಉಳಿದೀತು.