ಜೆರಿಕೋದಲ್ಲಿ ಹಳೇ ಮನೆ ಸಿಗುತ್ತದೆಯೇ?

ಪ್ರಶ್ನೆ: ಮಗಳು, ಅಳಿಯ ನ್ಯೂಯಾರ್ಕ್ ಬಳಿಯ ಜೆರಿಕೋದಲ್ಲಿ ಮನೆ ನೋಡುತ್ತಿದ್ದಾರೆ. ಅದು ಮುನ್ನೂರು ವರ್ಷ ಮೀರಿದ ಹಳ್ಳಿಯಂತೆ. ಅಲ್ಲಿನ ಮನೆಗಳೂ ಅಷ್ಟೇ ಹಳೆಯವೇ?

ಉತ್ತರ: ಊರು ಹಳೆಯದು, ಮನೆಗಳು ಬಹುಪಾಲು ಹೊಸವು. ಲಾಂಗ್ ಐಲೆಂಡ್‌ನ ಈ ಜಾಗವನ್ನು 1648ರಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬಾತ ಮೂಲನಿವಾಸಿಗಳಿಂದ ಕೊಂಡ. ಮುಂದೆ ಕ್ವೇಕರ್ ಪಂಥದ ರೈತರು ನೆಲೆಸಿದರು. ಗುಲಾಮಗಿರಿಯನ್ನು ಖಂಡಿಸಿದ ಬೋಧಕ ಎಲಿಯಾಸ್ ಹಿಕ್ಸ್ ಬದುಕಿ, 1830ರಲ್ಲಿ ತೀರಿಕೊಂಡದ್ದು ಇಲ್ಲೇ. ಅವರ ಕಾಲದ, 1788ರ ಪ್ರಾರ್ಥನಾ ಮಂದಿರ ಈಗಲೂ ಇದೆ. ಆದರೆ 1950ರ ದಶಕದಲ್ಲಿ ರಸ್ತೆ ಅಗಲೀಕರಣಕ್ಕೆ ಹಳೇ ಪೇಟೆಯ ಬಹುಭಾಗ ಬಲಿಯಾಯಿತು, ಹೊಲಗಳಲ್ಲಿ ಬಡಾವಣೆಗಳೆದ್ದವು. ಇಂದು ಮಾರಾಟಕ್ಕೆ ಬರುವುದು ಹೆಚ್ಚಾಗಿ ಅಂಥ ಮನೆಗಳೇ.

ಕೊಳ್ಳುವಾಗ ಬೆಲೆಯ ಜತೆ ಶಾಲಾ ತೆರಿಗೆಯನ್ನೂ ಲೆಕ್ಕ ಹಾಕಲಿ. ಹೆಸರಾದ ಶಾಲೆಗಳ ಖರ್ಚಿನ ದೊಡ್ಡ ಪಾಲು ಮನೆಯೊಡೆಯರದೇ. ಊರಿಗೆ ಸ್ವಂತ ರೈಲು ನಿಲ್ದಾಣವಿಲ್ಲ, ಪಕ್ಕದ ಹಿಕ್ಸ್‌ವಿಲ್‌ಗೋ ಸಯೊಸೆಟ್‌ಗೋ ಹೋಗಬೇಕು. ನ್ಯೂಯಾರ್ಕ್‌ನಲ್ಲಿ ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ. ಲಿಖಿತ ಕರಾರಿಗೆ ಸಹಿ ಬೀಳುವವರೆಗೆ ಕೊಳ್ಳುವವರು, ಮಾರುವವರು ಇಬ್ಬರೂ ಹಿಂದೆ ಸರಿಯಬಹುದು. ಹಾಗಾಗಿ ಮೊದಲೇ ವಕೀಲರನ್ನು ಗೊತ್ತುಮಾಡಿಕೊಳ್ಳಲಿ.