ಹಾಳೆಯೂ ಪಾಳೆಯೂ

ಪುತ್ತೂರು, ಸುಳ್ಯ, ಕಡಬಗಳ ಅಡಿಕೆತೋಟಗಳ ನೆರಳಿನಲ್ಲಿ ಬೆಳೆಯುವ ಮಗುವು ಶಾಲೆಯ ಮೆಟ್ಟಲನ್ನೇರುವ ಮೊದಲೇ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿಗಳಲ್ಲಿ ಒಂದನ್ನೋ ಎರಡನ್ನೋ ಕರಗತ ಮಾಡಿಕೊಂಡಿರುತ್ತದೆ; ಆದರೂ ಪಠ್ಯಪುಸ್ತಕದ ಕನ್ನಡದಲ್ಲಿ ತಡವರಿಸಿತೆಂಬ ಕಾರಣಕ್ಕೆ ಅದನ್ನು ಶಬ್ದದರಿದ್ರವೆಂದು ಗಣಿಸುವ ರೂಢಿಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಒಂದು ಕಿಸೆಯನ್ನು ಮಾತ್ರ ತಡಕಿ ಬಡವನೆಂದು ಸಾರಿದಂತಾಯಿತು ಇದು! ಎರಡು ನುಡಿಗಳ ಮಗುವಿನ ಶಬ್ದಸಂಪತ್ತನ್ನು ಅಳೆಯುವಾಗ ಎರಡರ ಲೆಕ್ಕವನ್ನೂ ಹಿಡಿಯಬೇಕು.

ಶಿಶುವು ಶಬ್ದವನ್ನು ಹಿಡಿಯುವ ಪರಿಯೇ ಸೋಜಿಗದ್ದು. 1978ರಲ್ಲಿ ಸೂಸನ್ ಕೇರಿ, ಎಲ್ಸಾ ಬಾರ್ಟ್ಲೆಟ್ ಎಂಬ ಅಮೆರಿಕದ ವಿದುಷಿಯರು ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ನಾಲ್ಕು ವರ್ಷದ ಮಕ್ಕಳೆದುರು ನೀಲಿಯದೊಂದು, ಮಾಸಲು ಹಸುರಿನದೊಂದು ತಟ್ಟೆಯನ್ನಿರಿಸಿ, ನೀಲಿಯದಲ್ಲ, ‘ಕ್ರೋಮಿಯಂ’ ತಟ್ಟೆಯನ್ನು ತಾ ಎಂದು ಯಾವ ವಿವರಣೆಯೂ ಇಲ್ಲದೆ ಹೇಳಲಾಗಿತ್ತು. ಬಣ್ಣಕ್ಕೆ ಆ ಹೆಸರನ್ನು ಎಂದೂ ಕೇಳದಿದ್ದ ಮಕ್ಕಳು ಹಸುರಿನದನ್ನು ತಂದುಕೊಟ್ಟುದಲ್ಲದೆ, ಕೆಲವು ದಿನಗಳು ಕಳೆದ ಮೇಲೂ ಹಲವರಲ್ಲಿ ಆ ಶಬ್ದದ ಕುರುಹು ಉಳಿದಿತ್ತು. ಕುರುಹು ಅಷ್ಟೆ, ಅರ್ಥವು ಬಲಿಯಬೇಕಾದರೆ ಶಬ್ದವು ನಾನಾ ಸಂದರ್ಭಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳಬೇಕು, ಕೈಗೆ ವಸ್ತುವೂ ಸಿಕ್ಕಬೇಕು. ಉದುರಿದ ಅಡಿಕೆಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಂಗಳದ ತುಂಬ ಎಳೆದಾಡಿದ ಹುಡುಗಿಗೆ ‘ಹಾಳೆ’ಯ ಅರ್ಥವನ್ನು ಯಾರು ಬಿಡಿಸಿ ಹೇಳಬೇಕು? ಪುಸ್ತಕದ ಹಾಳೆಯೆಂಬ ಮಾತೂ ಅವಳಿಗೆ ಅಲ್ಲಿಂದಲೇ ಸುಲಭವಾದೀತು.

ಪುತ್ತೂರಿನ ಬಾಲವನದ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವೆಂಬ ಮಕ್ಕಳ ವಿಶ್ವಕೋಶವನ್ನು ಹೊರತಂದರು. ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಲ್ಲೇ ವಿದ್ಯೆಯಿದೆಯೆಂದು ಬಗೆದವರ ನಡುವೆ, ಮಗುವಿನ ಮುಂದೆ ಜಗತ್ತನ್ನೇ ತಂದಿರಿಸುವ ಸಾಹಸವದು. ಕತೆಯನ್ನು ಗಟ್ಟಿಯಾಗಿ ಓದಿ ಹೇಳಿದರೂ ಶಬ್ದಗಳು ಅಂಟಿಕೊಳ್ಳುವುವು. ನಡುನಡುವೆ ಅಪರಿಚಿತ ಶಬ್ದವನ್ನು ಎರಡೇ ಮಾತಿನಲ್ಲಿ ಬಿಡಿಸಿದರೆ ಈ ಲಾಭವು ಇಮ್ಮಡಿಗೂ ಮೀರುವುದೆಂದು ನ್ಯೂಜಿಲೆಂಡಿನ ವಾರ್ವಿಕ್ ಎಲ್ಲಿಯ 1989ರ ಅಧ್ಯಯನವು ತೋರಿಸಿತು.

ಬಿಡಿಸುವಾಗ ಮನೆಮಾತನ್ನು ಹೊರಗಟ್ಟಲಾಗದು. ತುಳುವಿನ ಪಾಳೆ ಕನ್ನಡದ ಹಾಳೆ, ಪಿಂಗಾರ ಹಿಂಗಾರ, ಪಿಲಿ ಹುಲಿ: ಪಕಾರವು ಹಕಾರವಾದ ಈ ಒಂದು ಸೂತ್ರವನ್ನು ಉಪಾಧ್ಯಾಯರು ಆಟದಂತೆ ತೋರಿಸಿಕೊಟ್ಟರೆ, ಮಗುವು ತಾನೇ ಜೋಡಿಗಳನ್ನು ಹುಡುಕತೊಡಗುವುದು. ಮುಂದೆ ಹಳಗನ್ನಡದ ಪಾಠದಲ್ಲಿ ‘ಪೊಸ’, ‘ಪಕ್ಕಿ’, ‘ಪೂ’ ಎಂಬ ಮಾತುಗಳು ಎದುರಾದಾಗ, ಬೆಂಗಳೂರಿನ ಬಾಲಕನು ನಿಘಂಟನ್ನು ತೆರೆಯುವಷ್ಟರಲ್ಲಿ, ಸುಳ್ಯದ ತುಳು ಮನೆಯ ಹುಡುಗಿಯು ಅವು ತನ್ನಜ್ಜಿಯ ಮಾತುಗಳೆಂದು ನಕ್ಕು ಮುಂದಿನ ಸಾಲಿಗೆ ಹೋಗಿರುತ್ತಾಳೆ.