ಕಣ್ಣಿಲ್ಲದವರೂ ಊರನ್ನು ಓದಬಲ್ಲರು

ಜನರ ನಡುವೆ ತಿಂಗಳುಗಟ್ಟಲೆ ಇದ್ದು, ಅವರ ಮಾತು, ದುಡಿಮೆ, ಊಟ, ಮದುವೆಗಳನ್ನು ಅರಿತು ಬರೆಯುವುದೂ ಒಂದು ವಿದ್ಯೆ. ವಿಶ್ವವಿದ್ಯಾಲಯಗಳಲ್ಲಿ ಅದನ್ನು ಜನಜೀವನದ ಅಧ್ಯಯನ ಎನ್ನುತ್ತಾರೆ. ನೋಡಿ ಬರೆಯುವ ಈ ಕೆಲಸ ಅಂಧರಿಂದ ಹೇಗೆ ಸಾಧ್ಯ ಎಂದು ನೀವು ಕೇಳಬಹುದು.

ಜರ್ಮನಿಯ ಸಮಾಜಶಾಸ್ತ್ರಜ್ಞ ಸೀಗ್‌ಫ್ರೀಡ್ ಸೇರ್‌ಬರ್ಗ್ ಸ್ವತಃ ಅಂಧರು. ಅಂಧನೊಬ್ಬ ದಾರಿ ಕೇಳಿದರೆ ಕಣ್ಣುಳ್ಳವರು ಹೇಗೆ ಉತ್ತರಿಸುತ್ತಾರೆ ಎಂಬುದೇ ಅವರ ಅಧ್ಯಯನದ ವಿಷಯ. ಈ ಕುರಿತ ಅವರ ಲೇಖನ 2010ರಲ್ಲಿ ಪ್ರಕಟವಾಯಿತು. ನಾವು "ನೇರ ಹೋಗಿ" ಎನ್ನುವಾಗ ಕಣ್ಣಿಗೆ ಕಾಣುವ ರಸ್ತೆಯನ್ನು ನಂಬಿ ಹೇಳುತ್ತೇವೆ. ಅಂಧರಿಗಾದರೋ ದಾರಿ ಎಂದರೆ ಕಾಲಡಿಯ ನೆಲ, ಕೋಲಿನ ತುದಿ, ಸುತ್ತಲಿನ ಸದ್ದು. ಮೋಟೆಬೆನ್ನೂರಿನಲ್ಲಿ ಬ್ಯಾಡಗಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ಯಾರಾದರೂ ಕೇಳಿದರೆ ನಾವೂ "ಅಗೋ, ಅಲ್ಲಿ" ಎಂದು ಬೆರಳು ತೋರಿಸುವವರೇ ಅಲ್ಲವೇ?

ಇದೇ ಸೀಮೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಮಹಿಳೆಯರ ನಡುವೆ ಅಂಧ ಸಂಶೋಧಕಿಯೊಬ್ಬಳು ಕುಳಿತಿದ್ದಾಳೆಂದು ಭಾವಿಸಿ. ಘಾಟಿಗೆ ಬರುವ ಕೆಮ್ಮು, ಬೆರಳುಗಳ ಉರಿ, ಒಣಗಿದ ಕಾಯಿಯ ಸಪ್ಪಳ, ಕೂಲಿಯ ಮಾತು ಬಂದೊಡನೆ ತಗ್ಗುವ ದನಿ ಅವಳ ಗಮನಕ್ಕೆ ಬರುತ್ತವೆ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ. ಆ ಬಣ್ಣವನ್ನು ಅವಳು ಕೇಳಿಯೇ ತಿಳಿಯಬೇಕು. ಆಗ, ಯಾವ ಕಾಯಿಯನ್ನು ಏಕೆ ಬೇರೆ ಹಾಕುತ್ತೇವೆಂದು ಆ ಮಹಿಳೆಯರು ಬಿಡಿಸಿ ಹೇಳಬೇಕಾಗುತ್ತದೆ. ನೋಡಿ ಸುಮ್ಮನಾಗುವವರಿಗೆ ಈ ತಿಳಿವಳಿಕೆ ದಕ್ಕುವುದಿಲ್ಲ.

ಈಜಿಪ್ಟಿನ ತಾಹಾ ಹುಸೈನ್ (1889-1973) ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡರು. ಹಳ್ಳಿಯ ಕ್ಷೌರಿಕನ ತಪ್ಪು ಚಿಕಿತ್ಸೆ ಅದಕ್ಕೆ ಕಾರಣವಾಗಿತ್ತು. ಮುಂದೆ ಅವರು ಪ್ಯಾರಿಸ್‌ನಲ್ಲಿ ಇಬ್ನ್ ಖಲ್ದೂನರ ಸಮಾಜ ಚಿಂತನೆಯ ಮೇಲೆ ಡಾಕ್ಟರೇಟ್ ಪಡೆದರು. ತಮ್ಮ ಹಳ್ಳಿಯ ಬದುಕನ್ನೂ ಅಲ್-ಅಝ್‌ಹರ್‌ನ ವಿದ್ಯಾರ್ಥಿ ಜೀವನವನ್ನೂ 'ಅಲ್-ಅಯ್ಯಾಮ್' ಕೃತಿಯಲ್ಲಿ ಚಿತ್ರಿಸಿದರು. 1950ರಲ್ಲಿ ಶಿಕ್ಷಣ ಸಚಿವರಾದರು. ಪ್ಯಾರಿಸ್‌ನಲ್ಲಿ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದವರು ಮುಂದೆ ಅವರ ಪತ್ನಿಯಾದ ಸುಝಾನ್.

ಸಹೋದರಿಯರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ದೃಷ್ಟಿ ಕುಂದಿದ ಮಗಳಿದ್ದರೆ "ಪಾಪ" ಎಂದು ಮೂಲೆಯಲ್ಲಿ ಕೂರಿಸಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಶೇ. 40 ಅಥವಾ ಹೆಚ್ಚಿನ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇಂಥವರಿಗೆ ಕನಿಷ್ಠ ಶೇ. 5 ಸೀಟುಗಳು ಮೀಸಲು. ಇಂದು ಮೊಬೈಲ್ ಫೋನೇ ಅಕ್ಷರಗಳನ್ನು ಓದಿ ಹೇಳುತ್ತದೆ, ಮಾತನ್ನು ದಾಖಲಿಸುತ್ತದೆ. ಅವಳನ್ನು ಶಾಲೆಗೆ ಸೇರಿಸಲು ಮನೆಯವರು ಮನಸ್ಸು ಮಾಡಬೇಕು, ಅಷ್ಟೆ.